ಟೊಯೊಟಾ ಗರಡಿಯಲ್ಲಿ ಪಳಗಿದ ಕೈಗಳು

ದೊಡ್ಡಬಳ್ಳಾಪುರದ ನೇಕಾರರ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ಕೂತವರ ಕಣ್ಣು ಸದಾ ಹಾಸಿನ ಮೇಲಿರುತ್ತದೆ. ಎಳೆ ಹರಿದದ್ದು ಗಮನಕ್ಕೆ ಬಾರದೆ ಮಗ್ಗ ಓಡಿತೋ, ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ, ಸೀರೆ ಎರಡನೇ ದರ್ಜೆಗೆ ಇಳಿಯುತ್ತದೆ. ಇದೇ ತಾಪತ್ರಯವನ್ನು ಸುಮಾರು ನೂರು ವರ್ಷದ ಹಿಂದೆ ಜಪಾನಿನಲ್ಲಿ ತಲೆಗೆ ಹಚ್ಚಿಕೊಂಡವರು ಬಡಗಿಯ ಮಗ ಸಕಿಚಿ ಟೊಯೊಡ. ಎಳೆ ಹರಿದ ತಕ್ಷಣ ತಾನಾಗಿ ನಿಂತುಬಿಡುವ ಮಗ್ಗವನ್ನು ಅವರು ರೂಪಿಸಿದರು. 1924ರಲ್ಲಿ ಬಂದ ಅವರ ‘ಜಿ’ ಮಾದರಿಯ ಪೇಟೆಂಟ್ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ಕೊಂಡುಕೊಂಡಿತು. ಮಗ ಕಿಯಿಚಿರೊಗೆ ಹಿಡಿದದ್ದು ಮೋಟಾರಿನ ಗೀಳು. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು.

ಆ ಮನೆತನದ ಉದ್ಯಮ ಕರ್ನಾಟಕಕ್ಕೆ ಕಾಲಿಟ್ಟದ್ದೂ ಜವಳಿ ಯಂತ್ರದ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಸಂಸ್ಥೆಯ ಜೊತೆಗೂಡಿ ಜಿಗಣಿಯಲ್ಲಿ ನೂಲಿನ ಗಿರಣಿಗಳಿಗೆ ಬೇಕಾದ ಯಂತ್ರಗಳ ತಯಾರಿಕೆಗೆ ಕೈಹಾಕಿತು. ಹರಿಹರದಲ್ಲಿ ಲೇತ್ ತಯಾರಿಸಿ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಮನೆತನದ ವಿಕ್ರಮ್ ಕಿರ್ಲೋಸ್ಕರ್ ಈ ನಂಟಿನ ಕೊಂಡಿಯಾಗಿದ್ದರು. ಎರಡೇ ವರ್ಷದಲ್ಲಿ, 1997ರ ಅಕ್ಟೋಬರ್‌ನಲ್ಲಿ, ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. ಆಯ್ಕೆಯಾದ ಜಾಗ ಬಿಡದಿ. ಇಂದು ಬೆಂಗಳೂರು ದಕ್ಷಿಣ ಎಂದು ಕರೆಸಿಕೊಳ್ಳುವ ರಾಮನಗರ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಕಾರ್ಖಾನೆಯ ಅಡಿಪಾಯ ಬಿದ್ದಾಗ ಬಿಡದಿ ಇದ್ದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಒಡಹುಟ್ಟಾಗಿ.

ತಟ್ಟೆ ಇಡ್ಲಿಗೆ ಹೆಸರಾದ ಆ ಊರಿನಿಂದ 1999ರ ಡಿಸೆಂಬರ್‌ನಲ್ಲಿ ಮೊದಲ ಕ್ವಾಲಿಸ್ ಹೊರಬಂತು. ಮದುವೆ ದಿಬ್ಬಣ, ಧರ್ಮಸ್ಥಳದ ಪ್ರವಾಸ, ಐಟಿ ಕಂಪನಿಗಳ ರಾತ್ರಿ ಪಾಳಿ ಎಲ್ಲಕ್ಕೂ ಅದೇ ಗಾಡಿ ಎನ್ನುವ ಕಾಲವೊಂದಿತ್ತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. 2010ರ ಕೊನೆಗೆ ಎಟಿಯೋಸ್ ಕಾರಿಗೆಂದು ಎರಡನೇ ಘಟಕ ಎದ್ದಿತು.

ಪರಊರಿನಲ್ಲಿ ಕಾರ್ಖಾನೆ ಕಟ್ಟುವ ಪಾಠವನ್ನು ಜಪಾನಿನ ಕಾರು ಕಂಪನಿಗಳು ಅದಕ್ಕೂ ಮೊದಲು ಅಮೆರಿಕದಲ್ಲಿ ಕಲಿತಿದ್ದವು. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್ ಕಾರುಗಳ ರಫ್ತಿಗೆ ಮಿತಿ ಹಾಕಿಕೊಂಡಿತು. ಮರುವರ್ಷ ಓಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಹೋಂಡಾ ಕಾರು ತಯಾರಿಸತೊಡಗಿತು. ಜನರಲ್ ಮೋಟಾರ್ಸ್ 1982ರಲ್ಲಿ ಬೀಗ ಹಾಕಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು ಟೊಯೊಟಾ 1984ರಲ್ಲಿ ಅದೇ ಕಂಪನಿಯ ಪಾಲುದಾರಿಕೆಯಲ್ಲಿ ಮತ್ತೆ ತೆರೆಯಿತು. ಕೆಲಸಕ್ಕೆ ಮರಳಿದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ. ಜಗಳಗಂಟರೆಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಆ ಜನರ ಕೈಯಲ್ಲೇ ಒಳ್ಳೆಯ ಕಾರುಗಳು ತಯಾರಾದವು. ದೋಷ ಕಂಡರೆ ಕಾರು ಜೋಡಣೆಯ ಲೈನನ್ನೇ ನಿಲ್ಲಿಸುವ ಅಧಿಕಾರವನ್ನು ಅವರಿಗೆ ಕೊಡಲಾಗಿತ್ತು. ಈ ಒಂದು ಉದಾಹರಣೆ, ಬಂಡವಾಳ ಹೂಡಿಕೆಯ ಯಾವ ಅಂಕಿಅಂಶಕ್ಕಿಂತಲೂ ತೂಕದ್ದು.

ಟೊಯೊಟಾ ಕಾರ್ಖಾನೆಗಳಲ್ಲಿ ಆ ಅಧಿಕಾರ ಒಂದು ಹಗ್ಗದ ರೂಪದಲ್ಲಿ ತಲೆಯ ಮೇಲೆ ತೂಗುತ್ತಿರುತ್ತದೆ. ಕಾರು ನಿಧಾನವಾಗಿ ಸಾಗುತ್ತಿರುವಾಗ ಬೋಲ್ಟ್ ಸರಿಯಾಗಿ ಕೂರಲಿಲ್ಲ, ತಂತಿ ಸಿಕ್ಕಿಕೊಂಡಿತು ಎನಿಸಿದರೆ ಕೆಲಸಗಾರ ಹಗ್ಗ ಎಳೆಯುತ್ತಾನೆ. ಮೇಲಿನ ಫಲಕದಲ್ಲಿ ಅವನ ಜಾಗದ ನಂಬರು ಹಳದಿಯಾಗಿ ಹೊತ್ತಿಕೊಳ್ಳುತ್ತದೆ, ಸಂಗೀತ ಶುರುವಾಗುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕಾರು ನೆಲದ ಮೇಲಿನ ಗೆರೆ ದಾಟುವುದರೊಳಗೆ ಸರಿಪಡಿಸಿದರೆ ಸರಿ, ಇಲ್ಲದಿದ್ದರೆ ದೀಪ ಕೆಂಪಾಗಿ ಲೈನು ನಿಲ್ಲುತ್ತದೆ. ಸಕಿಚಿಯ ಮಗ್ಗ ಹರಿದ ಎಳೆಗೆ ನಿಲ್ಲುತ್ತಿದ್ದ ಹಾಗೆಯೇ.

ಆದರೆ ದೋಷವನ್ನು ಗುರುತಿಸುವ ಕಣ್ಣು, ಬೆರಳಲ್ಲೇ ಬಿಗಿ-ಸಡಿಲು ತಿಳಿಯುವ ಕೈ ತಾವಾಗಿ ಹುಟ್ಟುವುದಿಲ್ಲ. ಅದಕ್ಕಾಗಿಯೇ ಬಿಡದಿಯ ಆವರಣದಲ್ಲಿ 2007ರಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ, ಬಡ ಕುಟುಂಬಗಳ ಹಳ್ಳಿಯ ಹುಡುಗರಿಗೆಂದೇ ತೆರೆದ ವಸತಿ ಶಾಲೆ ಇದು. ಮೂರು ವರ್ಷದ ಕಲಿಕೆ; ಊಟ, ವಸತಿ, ಪಾಠ ಎಲ್ಲವೂ ಸಂಸ್ಥೆಯದೇ. ಅಸೆಂಬ್ಲಿ, ವೆಲ್ಡಿಂಗ್, ಪೇಂಟ್, ಮೆಕಟ್ರಾನಿಕ್ಸ್ ಎಂಬ ನಾಲ್ಕು ವಿಭಾಗಗಳು. ಬೆಳಗಿನ ವ್ಯಾಯಾಮದಿಂದ ದಿನ ಶುರು. ತರಗತಿಯ ಪಾಠ, ಕೈಯ ಕಸುಬು, ಮೈ-ಮನಸ್ಸಿನ ಶಿಸ್ತು ಮೂರಕ್ಕೂ ಇಲ್ಲಿ ಜಾಗವಿದೆ. ಕೆಲಸ ಮುಗಿದ ಮೇಲೆ ಪ್ರತಿ ಪಾನಾ ತನ್ನ ಗೂಡಿಗೇ ಮರಳಬೇಕು.

ಜಪಾನಿನಲ್ಲಿ ಟೊಯೊಟಾ ಇಂಥ ಶಾಲೆ ತೆರೆದದ್ದು 1938ರಲ್ಲಿ, ಕಂಪನಿ ಹುಟ್ಟಿದ ಮರುವರ್ಷವೇ. ಅಮೆರಿಕದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಎಂಬ ಕೃಷಿ ಸೀಮೆಯ ಊರಿನಲ್ಲಿ 1988ರಿಂದ ಅದರ ಕಾರುಗಳು ತಯಾರಾಗುತ್ತಿವೆ. ಅಲ್ಲಿ ಸ್ಥಳೀಯ ಸಮುದಾಯ ಕಾಲೇಜಿನ ಜೊತೆ ಸೇರಿ 2010ರಲ್ಲಿ ಶುರುಮಾಡಿದ ತರಬೇತಿಯಲ್ಲಿ ವಾರಕ್ಕೆ ಎರಡು ದಿನ ಪಾಠ, ಮೂರು ದಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸ. ಬೇರೆ ಕಂಪನಿಗಳೂ ಅದರಲ್ಲಿ ಪಾಲುಗೊಂಡು ಹಲವು ರಾಜ್ಯಗಳಿಗೆ ಅದು ಹರಡಿತು. ಕೆಂಟಕಿಯ ವಿದ್ಯಾರ್ಥಿ ಸಂಜೆ ಮನೆಗೆ ಮರಳುತ್ತಾನೆ. ಬಿಡದಿಯ ಹುಡುಗ ಹದಿನಾರರ ವಯಸ್ಸಿಗೇ ಊರು ಬಿಟ್ಟು ಬಂದು ಹಾಸ್ಟೆಲಿನಲ್ಲಿ ಬೆಳೆಯುತ್ತಾನೆ. ಹಾಗಾಗಿ ಬಿಡದಿಯ ಶಾಲೆಯ ಹೊಣೆ ಇನ್ನೂ ದೊಡ್ಡದು.

2016ರಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಹತ್ತು ವರ್ಷದಲ್ಲಿ 30,000 ಮಂದಿಗೆ ಜಪಾನಿ ಮಾದರಿಯ ಕೌಶಲ ಕಲಿಸುವ ಒಪ್ಪಂದಕ್ಕೆ ಬಂದವು. ಅದರಡಿ ಮರುವರ್ಷ ಮೊದಲಿಗೆ ಮಾನ್ಯತೆ ಪಡೆದ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಬಿಡದಿಯ ಶಾಲೆಯೂ ಒಂದು. ಇಲ್ಲಿನ ವಿದ್ಯಾರ್ಥಿಗಳು ವಿಶ್ವ ಕೌಶಲ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಬಹುಕಾಲ ಹುಡುಗರಿಗಷ್ಟೇ ಮೀಸಲಾಗಿದ್ದ ಬಾಗಿಲು ಈಚಿನ ವರ್ಷಗಳಲ್ಲಿ ಹುಡುಗಿಯರಿಗೂ ತೆರೆದಿದೆ. ತಡವಾಗಿಯಾದರೂ ಆಗಬೇಕಾದ ಕೆಲಸವೇ.

ಈ ಕಾರ್ಖಾನೆಯ ಚರಿತ್ರೆಯಲ್ಲಿ ಕಹಿಯೂ ಇದೆ. 2006ರಲ್ಲಿ, 2014ರಲ್ಲಿ ಮುಷ್ಕರ, ಲಾಕೌಟ್‌ಗಳು ನಡೆದವು. 2020ರ ನವೆಂಬರ್‌ನಲ್ಲಿ ನೌಕರನೊಬ್ಬನ ಅಮಾನತಿನಿಂದ ಹೊತ್ತಿಕೊಂಡ ವಿವಾದ 2021ಕ್ಕೂ ಮುಂದುವರಿಯಿತು. ಕೆಲಸದ ಹೊರೆ ತಾಳಲಾಗದಷ್ಟಾಗಿದೆ ಎಂಬುದು ಕಾರ್ಮಿಕ ಸಂಘದ ದೂರು, ಶಿಸ್ತು ಮುರಿದಿದೆ ಎಂಬುದು ಆಡಳಿತದ ವಾದ. ದೋಷ ಕಂಡಾಗ ಲೈನು ನಿಲ್ಲಿಸಲು ಕಾರ್ಮಿಕನನ್ನು ನಂಬುವ ವ್ಯವಸ್ಥೆ, ‘ಈ ವೇಗ ನನ್ನ ಮೈಗೆ ಆಗದು’ ಎಂದು ಅದೇ ಕಾರ್ಮಿಕ ಹೇಳಿದಾಗಲೂ ಅಷ್ಟೇ ಕಿವಿಗೊಡಬೇಕಲ್ಲವೇ? ಗರಡಿಯಲ್ಲಿ ಪಳಗಿದವರನ್ನು ಗೇಟಿನ ಹೊರಗೆ ವಾರಗಟ್ಟಲೆ ಕೂರಿಸಿದ್ದು ಯಾರಿಗೂ ಹಿತವಾದ ನೆನಪಲ್ಲ.

ಕಾರಿಗೆ ಸಂಬಂಧವೇ ಇಲ್ಲದ ಒಂದು ಫಲವೂ ಈ ನೆಲದಿಂದ ಬಂದಿದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಬಿಡದಿಯ ಆವರಣದಲ್ಲಿ ಸ್ಥಳೀಯ ಜಾತಿಯ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ಕಾಡು ಬೆಳೆಸಲು ಬಂದಿದ್ದರು. ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಆ ಕೆಲಸಕ್ಕೆ ಸ್ವಯಂಸೇವಕರಾಗಿ ಕೈಜೋಡಿಸಿದರು. ಕೊನೆಗೆ ಕಾರಿನ ಕೆಲಸವನ್ನೇ ಬಿಟ್ಟು 2011ರಲ್ಲಿ ‘ಅಫಾರೆಸ್ಟ್’ ಎಂಬ ಸಂಸ್ಥೆ ಕಟ್ಟಿದರು. ಇಂದು ದೇಶದ ಊರೂರಲ್ಲಿ ಕೇಳಿಬರುವ ಮಿಯಾವಾಕಿ ಕಾಡುಗಳ ಪ್ರಚಾರದಲ್ಲಿ ಅವರ ಪಾಲು ದೊಡ್ಡದು.

 

ಬಿಡದಿಯಲ್ಲಿ ಮೂರನೇ ಘಟಕಕ್ಕಾಗಿ ಟೊಯೊಟಾ ಕಿರ್ಲೋಸ್ಕರ್ 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದೊಂದಿಗೆ ಸುಮಾರು 3,300 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತು. ವರ್ಷಕ್ಕೆ ಇನ್ನೂ ಒಂದು ಲಕ್ಷ ವಾಹನ, ಸುಮಾರು 2,000 ಉದ್ಯೋಗ ಎಂಬುದು ಆಗ ಹೇಳಿದ ಲೆಕ್ಕ. ವಿಕ್ರಮ್ ಕಿರ್ಲೋಸ್ಕರ್ ಅದನ್ನು ನೋಡಲು ಉಳಿದಿರಲಿಲ್ಲ. 2022ರ ನವೆಂಬರ್‌ನಲ್ಲಿ ತೀರಿಕೊಂಡರು. ಆ ಎರಡು ಸಾವಿರದಲ್ಲಿ ಕಾಯಂ ಕೆಲಸ ಎಷ್ಟು, ಗುತ್ತಿಗೆ ಎಷ್ಟು, ತರಬೇತಿ ಶಾಲೆಯಿಂದ ನೇರವಾಗಿ ಲೈನಿಗೆ ಬರುವ ಹಳ್ಳಿಯ ಮಕ್ಕಳು ಎಷ್ಟು ಎಂಬುದನ್ನು ಸುತ್ತಲಿನ ಗ್ರಾಮ ಪಂಚಾಯಿತಿಗಳು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಸರ್ಕಾರಿ ಪ್ರೌಢಶಾಲೆಗಳ ಸೂಚನಾ ಫಲಕಗಳಲ್ಲಿ ಈ ಶಾಲೆಯ ಪ್ರವೇಶದ ವಿವರ ಕಾಣುವಂತಾಗಬೇಕು.