ಸಣ್ಣ ಪರದೆಯಲ್ಲಿ ವಿಂಡೋಗಳನ್ನು ಜೋಡಿಸುವುದು ಹೇಗೆ?



ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮದ್ದೂರು, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು ಓದುವ ನಮಗೆ ಸಿಗುವುದು ಕಾಲೇಜಿನ ಲ್ಯಾಬ್ ಅವಧಿ, ಇಲ್ಲವೇ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಕೂರುವ ಸ್ವಲ್ಪ ಹೊತ್ತು. ಆ ಹೊತ್ತಿನಲ್ಲೂ ಒಂದಷ್ಟು ಭಾಗ "ಈಗ ತಾನೇ ತೆರೆದಿದ್ದ ಪುಟ ಎಲ್ಲಿ ಹೋಯಿತು?" ಎಂದು ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಈ ಹುಡುಕಾಟ ತಪ್ಪಿಸಲು ಕಂಪ್ಯೂಟರಿನಲ್ಲೇ ಸೌಲಭ್ಯಗಳಿವೆ. ಅವುಗಳನ್ನು ಕಲಿಯಲು ಒಂದು ಲ್ಯಾಬ್ ಅವಧಿ ಸಾಕು. ನಾನು ಕಲಿತು ದಿನವೂ ಬಳಸುತ್ತಿರುವುದನ್ನು ಇಲ್ಲಿ ವಿವರಿಸುತ್ತೇನೆ.

ನಮ್ಮ ಪೈಥಾನ್ ಲ್ಯಾಬನ್ನೇ ತೆಗೆದುಕೊಳ್ಳಿ. ಐಡಲ್ ತೆರೆದರೆ ಮೊದಲು ಶೆಲ್ ವಿಂಡೋ ಬರುತ್ತದೆ. ಪ್ರೋಗ್ರಾಂ ಬರೆಯಲು ಹೊಸ ಫೈಲ್ ತೆರೆದರೆ ಇನ್ನೊಂದು ವಿಂಡೋ. ಎಫ್5 ಒತ್ತಿದಾಗ ಶೆಲ್ ಮುಂದೆ ಬಂದು ಪ್ರೋಗ್ರಾಂ ಹಿಂದೆ ಮುಚ್ಚಿಹೋಗುತ್ತದೆ. ತಪ್ಪು ಏಳನೇ ಸಾಲಿನಲ್ಲಿದೆ ಎಂದು ಶೆಲ್ ಹೇಳುತ್ತದೆ, ಆದರೆ ಆ ಏಳನೇ ಸಾಲು ನಮಗೆ ಕಾಣುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ತಪ್ಪೂ ಕಾಣುತ್ತದೆ, ತಪ್ಪಿರುವ ಜಾಗವೂ ಕಾಣುತ್ತದೆ.

ವಿಂಡೋ ಎಂದರೆ ನಾಲ್ಕು ಸಂಖ್ಯೆಗಳು

ಪರದೆಯ ಮೇಲೆ ಕಾಣುವ ಪ್ರತಿಯೊಂದು ವಿಂಡೋಗೂ ಕಂಪ್ಯೂಟರ್ ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟುಕೊಂಡಿರುತ್ತದೆ. ಎಡ ಅಂಚಿನಿಂದ ಎಷ್ಟು ದೂರ, ಮೇಲಿನ ಅಂಚಿನಿಂದ ಎಷ್ಟು ಕೆಳಗೆ, ಅಗಲ ಎಷ್ಟು, ಎತ್ತರ ಎಷ್ಟು. ಇದು ನಾವು ಗಣಿತದಲ್ಲಿ ಓದುವ ಎಕ್ಸ್, ವೈ ಅಕ್ಷಗಳ ಲೆಕ್ಕವೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮೂಲಬಿಂದು ಪರದೆಯ ಮೇಲಿನ ಎಡ ಮೂಲೆಯಲ್ಲಿರುತ್ತದೆ, ವೈ ಬೆಲೆ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಇದರ ಜೊತೆಗೆ ಯಾವ ವಿಂಡೋ ಮೇಲಿದೆ, ಯಾವುದು ಅದರ ಕೆಳಗಿದೆ ಎಂಬ ಕ್ರಮವೂ ಇರುತ್ತದೆ. ಮೇಜಿನ ಮೇಲೆ ಪೇರಿಸಿಟ್ಟ ನೋಟ್‌ಬುಕ್‌ಗಳ ಹಾಗೆ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಅಳತೆ ಸಾಮಾನ್ಯವಾಗಿ 1366 x 768 ಪಿಕ್ಸೆಲ್. ಅದನ್ನು ಎರಡು ಭಾಗ ಮಾಡಿದರೆ ಒಂದೊಂದಕ್ಕೆ 683 ಪಿಕ್ಸೆಲ್ ಅಗಲ ಸಿಗುತ್ತದೆ. ವಿಂಡೋ ಜೋಡಿಸುವ ಯಾವ ಸಾಫ್ಟ್‌ವೇರ್ ಆದರೂ ಮಾಡುವ ಕೆಲಸ ಇಷ್ಟೇ: ಆ ನಾಲ್ಕು ಸಂಖ್ಯೆಗಳನ್ನೋ, ಮೇಲು ಕೆಳಗಿನ ಕ್ರಮವನ್ನೋ ಬದಲಿಸುವಂತೆ ಆಪರೇಟಿಂಗ್ ಸಿಸ್ಟಂಗೆ ಹೇಳುವುದು. ನಾವು ಮೌಸ್ ಹಿಡಿದು ಎಳೆದಾಡಿ ಮಾಡುವುದನ್ನು ಅದು ಒಂದು ಕೀ ಒತ್ತಿದರೆ ಮಾಡುತ್ತದೆ.

ಪಕ್ಕಪಕ್ಕದಲ್ಲಿ ಇಡುವ ಈ ಕ್ರಮ ಹೊಸದೇನಲ್ಲ. ಒಂದರ ಮೇಲೊಂದು ಬರುವ ವಿಂಡೋಗಳು 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ರೂಪುಗೊಂಡವು. ಹೌದು, ನಾವು ಅಂಗಡಿಯಲ್ಲಿ ಕೇಳುವ 'ಜೆರಾಕ್ಸ್' ಅದೇ ಕಂಪನಿಯ ಹೆಸರು. 1985ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಮೊದಲ ವಿಂಡೋಸ್‌ನಲ್ಲಿ ಪ್ರೋಗ್ರಾಂಗಳ ವಿಂಡೋಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲ, ಪಕ್ಕಪಕ್ಕದಲ್ಲೇ ಕೂರುತ್ತಿದ್ದವು. 1987ರ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಇಡಲು ಸಾಧ್ಯವಾಯಿತು. ಅಂಚಿಗೆ ಎಳೆದರೆ ಅರ್ಧ ಪರದೆಗೆ ಅಂಟಿಕೊಳ್ಳುವ ಸೌಲಭ್ಯ 2009ರ ವಿಂಡೋಸ್ 7ರಲ್ಲಿ ಬಂತು.

ಮೊದಲು ಕಲಿಯಬೇಕಾದ ಕೀಗಳು

ಇವುಗಳಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಂಡೋಸ್ 10 ಮತ್ತು 11 ಎರಡರಲ್ಲೂ ಕೆಲಸ ಮಾಡುತ್ತವೆ.

1. ವಿಂಡೋಸ್ ಕೀ ಜೊತೆ ಎಡ ಬಾಣದ ಕೀ ಒತ್ತಿದರೆ ವಿಂಡೋ ಎಡ ಅರ್ಧಕ್ಕೆ ಹೋಗುತ್ತದೆ. ಉಳಿದ ವಿಂಡೋಗಳು ಬಲಗಡೆ ಸಣ್ಣ ಚಿತ್ರಗಳಾಗಿ ಕಾಣುತ್ತವೆ. ಬೇಕಾದದ್ದನ್ನು ಒತ್ತಿದರೆ ಅದು ಬಲ ಅರ್ಧ ತುಂಬುತ್ತದೆ. ನಡುವಿನ ಗೆರೆಯನ್ನು ಮೌಸ್‌ನಿಂದ ಎಳೆದರೆ ಎರಡರ ಅಗಲವೂ ಒಟ್ಟಿಗೆ ಬದಲಾಗುತ್ತದೆ.

2. ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ತೆರೆದಿರುವ ಎಲ್ಲ ವಿಂಡೋಗಳೂ ಸಾಲಾಗಿ ಕಾಣುತ್ತವೆ. ವಿಂಡೋಸ್ ಕೀ ಜೊತೆ 'ಡಿ' ಒತ್ತಿದರೆ ಎಲ್ಲವೂ ಸರಿದು ಡೆಸ್ಕ್‌ಟಾಪ್ ಕಾಣುತ್ತದೆ.

3. ವಿಂಡೋಸ್ ಕೀ, ಕಂಟ್ರೋಲ್, 'ಡಿ' ಮೂರನ್ನೂ ಒಟ್ಟಿಗೆ ಒತ್ತಿದರೆ ಇನ್ನೊಂದು ಖಾಲಿ ಡೆಸ್ಕ್‌ಟಾಪ್ ಸಿಗುತ್ತದೆ. ಒಂದರಲ್ಲಿ ಪೈಥಾನ್, ಇನ್ನೊಂದರಲ್ಲಿ ರಸಾಯನಶಾಸ್ತ್ರದ ವಿಡಿಯೋ ಇಟ್ಟುಕೊಳ್ಳಬಹುದು. ವಿಂಡೋಸ್ ಕೀ, ಕಂಟ್ರೋಲ್ ಜೊತೆ ಎಡ ಅಥವಾ ಬಲ ಬಾಣ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

4. ಪ್ರೊಜೆಕ್ಟರ್ ತೆಗೆದ ಮೇಲೆ ಕೆಲವೊಮ್ಮೆ ವಿಂಡೋ ಪರದೆಯ ಹೊರಗೇ ಉಳಿದುಬಿಡುತ್ತದೆ. ಟಾಸ್ಕ್‌ಬಾರ್‌ನಲ್ಲಿ ಹೆಸರಿದೆ, ಆದರೆ ಕಣ್ಣಿಗೆ ಕಾಣದು. ಆಗ ಅದನ್ನು ಆರಿಸಿ, ಆಲ್ಟ್ ಜೊತೆ ಸ್ಪೇಸ್ ಒತ್ತಿ, ಬಳಿಕ 'ಎಂ' ಒತ್ತಿ. ಬಾಣದ ಕೀಗಳಿಂದ ಅದನ್ನು ಒಳಕ್ಕೆ ತರಬಹುದು.

ಹೆಸರಿನ ಒಂದು ಅಕ್ಷರ

ಇದೆಲ್ಲ ಅನುಕೂಲದ ಮಾತಷ್ಟೇ ಎನ್ನಬೇಡಿ. ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಆಪಾ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿದ್ದರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ 'ಎಚ್' ಇತ್ತು, ಟೈಪ್ ಮಾಡಿದವರು ಅದನ್ನು ಬಿಟ್ಟಿದ್ದರು. ಆ ಒಂದು ಅಕ್ಷರ ಸರಿಮಾಡಿಸಲು ಆಪಾ ಮೂರು ಸಲ ಓಡಾಡಬೇಕಾಯಿತು. ನಮ್ಮ ಹೆಸರುಗಳಿಗೆ ಈ ತೊಂದರೆ ಹೆಚ್ಚು. ಫಾತಿಮಾ ಎಂಬುದನ್ನು 'ಟಿ' ಹಾಕಿ ಬರೆಯುವವರೂ ಇದ್ದಾರೆ, 'ಟಿಎಚ್' ಹಾಕುವವರೂ ಇದ್ದಾರೆ. ಮೊಹಮ್ಮದ್ ಎಂಬುದರ ಕೊನೆಯಲ್ಲಿ ಕೆಲವರಿಗೆ 'ಇಡಿ', ಕೆಲವರಿಗೆ 'ಎಡಿ', ಇನ್ನು ಕೆಲವರಿಗೆ ಬರೀ 'ಎಂಡಿ' ಎಂಬ ಸಂಕ್ಷೇಪ. ಕನ್ನಡದಲ್ಲಿ, ಉರ್ದುವಿನಲ್ಲಿ ಒಂದೇ ಹೆಸರು, ಇಂಗ್ಲಿಷಿನಲ್ಲಿ ಮಾತ್ರ ನಾಲ್ಕು ರೂಪ.

ಸಿಇಟಿ ಅರ್ಜಿ ಇರಲಿ, ವಿದ್ಯಾರ್ಥಿವೇತನದ ಅರ್ಜಿ ಇರಲಿ, ತುಂಬುವಾಗ ಎಡಗಡೆ ಅಂಕಪಟ್ಟಿಯ ಸ್ಕ್ಯಾನ್, ಬಲಗಡೆ ಅರ್ಜಿ ಇಟ್ಟುಕೊಳ್ಳಿ. ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ನೋಡಿ ತುಂಬಿ. ಅರ್ಧ ಪರದೆಯಲ್ಲಿ ಅರ್ಜಿಯ ಪುಟ ಕಿರಿದೆನಿಸಿದರೆ ಕಂಟ್ರೋಲ್ ಜೊತೆ ಮೈನಸ್ ಒತ್ತಿ, ಪುಟ ಚಿಕ್ಕದಾಗಿ ಪೂರ್ತಿ ಕಾಣುತ್ತದೆ. ಸೈಬರ್ ಸೆಂಟರಿನಲ್ಲಿ ಬೇರೆಯವರು ತುಂಬುತ್ತಿದ್ದರೂ "ಅಣ್ಣಾ, ಎರಡನ್ನೂ ಪಕ್ಕದಲ್ಲಿ ಹಾಕಿ, ನಾನೂ ನೋಡುತ್ತೇನೆ" ಎಂದು ಕೇಳಲು ಸಂಕೋಚ ಬೇಡ.

ಇನ್ನೂ ಬೇಕೆಂದರೆ ಪವರ್‌ಟಾಯ್ಸ್

ಅರ್ಧ, ಕಾಲು ಭಾಗಗಳಷ್ಟೇ ಸಾಲದು ಎನ್ನುವವರಿಗೆ ಮೈಕ್ರೋಸಾಫ್ಟ್‌ನದೇ ಉಚಿತ ಸಾಫ್ಟ್‌ವೇರ್ ಪವರ್‌ಟಾಯ್ಸ್ ಇದೆ. ಈ ಹೆಸರು ವಿಂಡೋಸ್ 95ರ ಕಾಲದ್ದು. 2019ರಲ್ಲಿ ಅದನ್ನು ಹೊಸದಾಗಿ, ಮೂಲ ಸಂಕೇತ ಎಲ್ಲರೂ ನೋಡಬಹುದಾದ ಓಪನ್ ಸೋರ್ಸ್ ಆಗಿ ಆರಂಭಿಸಿದರು. ಅದರಲ್ಲಿರುವ ಫ್ಯಾನ್ಸಿಝೋನ್ಸ್ ಎಂಬ ಭಾಗದಲ್ಲಿ ಪರದೆಯನ್ನು ನಮಗೆ ಬೇಕಾದ ಹಾಗೆ ವಲಯಗಳಾಗಿ ಹಂಚಿಕೊಳ್ಳಬಹುದು. ಬಳಿಕ ಶಿಫ್ಟ್ ಕೀ ಹಿಡಿದು ವಿಂಡೋವನ್ನು ಎಳೆದು ಒಂದು ವಲಯದ ಮೇಲೆ ಬಿಟ್ಟರೆ ಅದು ಅಲ್ಲೇ ಕೂರುತ್ತದೆ. ನಾನು ವಿಡಿಯೋ ಪಾಠಕ್ಕೆ ಮೂರು ಪಾಲು, ನೋಟ್ಸ್‌ಗೆ ಎರಡು ಪಾಲು ಜಾಗ ಇಟ್ಟುಕೊಳ್ಳುತ್ತೇನೆ.

ಅದರಲ್ಲೇ 'ಆಲ್ವೇಸ್ ಆನ್ ಟಾಪ್' ಎಂಬ ಇನ್ನೊಂದು ಸೌಲಭ್ಯವಿದೆ. ವಿಂಡೋಸ್ ಕೀ, ಕಂಟ್ರೋಲ್, 'ಟಿ' ಒತ್ತಿದರೆ ಆ ವಿಂಡೋ ಎಲ್ಲದರ ಮೇಲೇ ಉಳಿಯುತ್ತದೆ. ಲೆಕ್ಕ ಮಾಡುವಾಗ ಕ್ಯಾಲ್ಕುಲೇಟರ್ ಹೀಗೆ ಮೂಲೆಯಲ್ಲಿ ನಿಲ್ಲಿಸಬಹುದು.

ಮೂರು ಲಿಪಿ, ಮೂರು ವಿಂಡೋ

ನಮ್ಮಲ್ಲಿ ಅನೇಕರು ಮನೆಯಲ್ಲಿ ಉರ್ದು ಮಾತನಾಡಿ, ಕನ್ನಡದಲ್ಲಿ ಓದಿ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಬರೆಯುವವರು. ಕನ್ನಡ ಟೈಪಿಂಗ್‌ಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಎಲ್ಲರಿಗೂ ಗೊತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ಅದು ಮರೆಯಲ್ಲಿ ಕುಳಿತು ನಾವು ಒತ್ತುವ ಕೀಗಳನ್ನು ಕನ್ನಡಕ್ಕೆ ಬದಲಿಸುತ್ತದೆ. ವಿಂಡೋಸ್‌ನಲ್ಲೇ ಕನ್ನಡ, ಉರ್ದು ಕೀಲಿಮಣೆಗಳೂ ಇವೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

ಇಲ್ಲಿ ಒಂದು ಕಿರಿಕಿರಿ ಇದೆ. ಕನ್ನಡ ಲೇಖನ ಟೈಪ್ ಮಾಡುತ್ತಾ ನಡುವೆ ಬ್ರೌಸರ್‌ಗೆ ಹೋದರೆ ಅಲ್ಲೂ ಕನ್ನಡ ಅಕ್ಷರವೇ ಬೀಳುತ್ತದೆ. ಇದಕ್ಕೆ ಸೆಟ್ಟಿಂಗ್ಸ್‌ನ ಟೈಪಿಂಗ್ ವಿಭಾಗದಲ್ಲಿ 'ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್' ತೆರೆದು, ಪ್ರತಿ ವಿಂಡೋಗೂ ಬೇರೆ ಬೇರೆ ಕೀಲಿಮಣೆ ಇರಲಿ ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಆಮೇಲೆ ಲೇಖನದ ವಿಂಡೋದಲ್ಲಿ ಕನ್ನಡ, ಬ್ರೌಸರ್‌ನಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಉರ್ದು ತಾನಾಗಿಯೇ ಉಳಿಯುತ್ತದೆ. ಈ ಪತ್ರಿಕೆಯ ಪುಟಗಳನ್ನು ಟೈಪ್ ಮಾಡುವವರಿಗೆ ಇದು ಬಹಳ ಉಪಯೋಗ. ಕೈಬರಹದ ಫೋಟೊ ಒಂದು ಕಡೆ, ಟೈಪ್ ಮಾಡುವ ಪುಟ ಇನ್ನೊಂದು ಕಡೆ ಇಟ್ಟುಕೊಂಡರೆ ಸಾಲು ತಪ್ಪುವುದಿಲ್ಲ.

ಹಳೆಯ ಕಂಪ್ಯೂಟರ್ ಇದ್ದರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಲಿನಕ್ಸ್‌ನಲ್ಲಿ ವಿಂಡೋಗಳನ್ನು ನೋಡಿಕೊಳ್ಳಲು 'ವಿಂಡೋ ಮ್ಯಾನೇಜರ್' ಎಂಬ ಪ್ರೋಗ್ರಾಂ ಇರುತ್ತದೆ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್‌ನಲ್ಲಿ ಆಲ್ಟ್ ಹಿಡಿದುಕೊಂಡು ವಿಂಡೋದ ಯಾವ ಭಾಗವನ್ನಾದರೂ ಎಳೆದು ಸರಿಸಬಹುದು. ಮೇಲಿನ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿದರೆ 'ಆಲ್ವೇಸ್ ಆನ್ ಟಾಪ್' ಸಿಗುತ್ತದೆ. ಹಲವು ಡೆಸ್ಕ್‌ಟಾಪ್‌ಗಳ ಸೌಲಭ್ಯ ವಿಂಡೋಸ್ ಒಳಗೇ ಬಂದದ್ದು 2015ರಲ್ಲಿ. ಲಿನಕ್ಸ್ ಬಳಸುವವರಿಗೆ ಅದು ಬಹಳ ಮೊದಲೇ ಇತ್ತು.

ಮರೆಯಬಾರದ ಮೂರು ಮಾತು

ಒಂದು, ಲ್ಯಾಬಿನ ಕಂಪ್ಯೂಟರಿಗೆ ಏನನ್ನೇ ಇನ್‌ಸ್ಟಾಲ್ ಮಾಡುವ ಮೊದಲು ಉಪನ್ಯಾಸಕರನ್ನು ಕೇಳಿ. ಪವರ್‌ಟಾಯ್ಸ್ ಬೇಕಾದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಪಡೆಯಿರಿ. 'ಉಚಿತ' ಎಂದು ಸಿಕ್ಕ ಸಿಕ್ಕ ಕಡೆಯಿಂದ ಇಳಿಸಿಕೊಂಡರೆ ಅದರ ಜೊತೆ ವೈರಸ್ಸೂ ಬರಬಹುದು.

ಎರಡು, ಇನ್ನೊಂದು ಡೆಸ್ಕ್‌ಟಾಪ್‌ಗೆ ಸರಿಸಿದ ಮಾತ್ರಕ್ಕೆ ಪ್ರೋಗ್ರಾಂ ಮುಚ್ಚಿದಂತಾಗುವುದಿಲ್ಲ. ಅದು ಮೆಮೊರಿಯಲ್ಲಿ ಜಾಗ ಹಿಡಿದೇ ಇರುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಬಹಳ ತೆರೆದಿಟ್ಟರೆ ಎಲ್ಲವೂ ನಿಧಾನವಾಗುತ್ತದೆ.

ಮೂರು, ಇದು ಎಲ್ಲಕ್ಕಿಂತ ಮುಖ್ಯ. ಹಂಚಿಕೊಂಡು ಬಳಸುವ ಕಂಪ್ಯೂಟರಿನಿಂದ ಏಳುವ ಮೊದಲು ವಿಂಡೋಸ್ ಕೀ ಜೊತೆ ಟ್ಯಾಬ್ ಒತ್ತಿ ಎಲ್ಲ ಡೆಸ್ಕ್‌ಟಾಪ್‌ಗಳನ್ನೂ ಒಮ್ಮೆ ನೋಡಿ. ನಿಮ್ಮ ಆಧಾರ್ ಕಾರ್ಡಿನ ಸ್ಕ್ಯಾನ್, ಲಾಗಿನ್ ಆಗಿರುವ ಅರ್ಜಿ ಎರಡನೇ ಡೆಸ್ಕ್‌ಟಾಪ್‌ನಲ್ಲಿ ತೆರೆದೇ ಇದ್ದರೆ ಮುಂದೆ ಬಂದು ಕೂರುವವರಿಗೆ ಅದು ಸಿಗುತ್ತದೆ. ಲಾಗ್‌ಔಟ್ ಆಗಿ, ಎಲ್ಲವನ್ನೂ ಮುಚ್ಚಿ, ಉಳಿಸಿದ ಫೈಲನ್ನು ಅಳಿಸಿ ಬನ್ನಿ.

ಇಷ್ಟನ್ನೂ ಒಂದೇ ದಿನ ಕಲಿಯಬೇಕಿಲ್ಲ. ಮುಂದಿನ ಲ್ಯಾಬ್ ಅವಧಿಯಲ್ಲಿ ಐಡಲ್‌ನ ಎರಡು ವಿಂಡೋಗಳನ್ನು ಪಕ್ಕಪಕ್ಕ ಇಟ್ಟು ಒಂದು ಪ್ರೋಗ್ರಾಂ ಮಾಡಿ ನೋಡಿ. ಅದು ಕೈಗೆ ಹತ್ತಿದ ಮೇಲೆ ನಿಮ್ಮ ಪಕ್ಕದಲ್ಲಿ ಕೂರುವವರಿಗೂ ಹೇಳಿಕೊಡಿ.

(ದ್ವಿತೀಯ ಪಿಯುಸಿ, ಪಿಸಿಎಂಸಿ ವಿಭಾಗ)