ಗಡಿಯಾಚೆಯ ಕ್ಯಾನ್ಸರ್ ಕ್ಲಿನಿಕ್: ನಂಬಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಕ್ಯಾನ್ಸರ್ ನಾಲ್ಕನೇ ಹಂತ. ಮೆಕ್ಸಿಕೊದ ಟಿಹುವಾನಾದಲ್ಲಿ ಏಪ್ರಿಕಾಟ್ ಬೀಜದ ಔಷಧಿ ಕೊಡುತ್ತಾರಂತೆ. ಹೋಗಬಹುದೇ?

ಉತ್ತರ: ಆ ಔಷಧಿ ಲೇಟ್ರಿಲ್. ಅಮೆರಿಕದಲ್ಲಿ ಅದಕ್ಕೆ ಅನುಮತಿ ಇಲ್ಲ. ಅಲ್ಲಿನ ಮೇಯೊ ಕ್ಲಿನಿಕ್ ಮತ್ತಿತರ ಕ್ಯಾನ್ಸರ್ ಕೇಂದ್ರಗಳು ಅದನ್ನು 178 ರೋಗಿಗಳಿಗೆ ಕೊಟ್ಟು ನೋಡಿದವು. 1982ರಲ್ಲಿ ಫಲಿತಾಂಶ ಪ್ರಕಟವಾಯಿತು: ಯಾರಿಗೂ ಗುಣವಾಗಲಿಲ್ಲ, ಕೆಲವರಲ್ಲಿ ಸಯನೈಡ್ ವಿಷದ ಲಕ್ಷಣಗಳೂ ಕಂಡವು. ದೇಹದೊಳಗೆ ಲೇಟ್ರಿಲ್ ಒಡೆದು ಸಯನೈಡ್ ಆಗುತ್ತದೆ.

ಯಾವುದೇ ಕ್ಲಿನಿಕ್ಕನ್ನು ಮೂರು ಪ್ರಶ್ನೆ ಕೇಳಿ. ಇದೇ ಹಂತದ ಎಷ್ಟು ಜನರಿಗೆ ಚಿಕಿತ್ಸೆ ಕೊಟ್ಟಿದ್ದೀರಿ? ಎರಡು ವರ್ಷದ ನಂತರ ಎಷ್ಟು ಜನ ಬದುಕಿದ್ದಾರೆ? ವಿವರ ಯಾವ ವೈದ್ಯಕೀಯ ಪತ್ರಿಕೆಯಲ್ಲಿದೆ? ಗುಣವಾದವರ ವಿಡಿಯೊ ಇದಕ್ಕೆ ಉತ್ತರವಲ್ಲ. ತೀರಿಹೋದವರು ವಿಡಿಯೊದಲ್ಲಿ ಬರುವುದಿಲ್ಲ. ಹಣ ಕಟ್ಟುವ ಮೊದಲು ಈಗಿನ ವೈದ್ಯರ ಬಳಿ ಕ್ಲಿನಿಕಲ್ ಟ್ರಯಲ್ ಮತ್ತು ನೋವು ಶಮನದ ಚಿಕಿತ್ಸೆಯ ಬಗ್ಗೆ ವಿಚಾರಿಸಿ.