ಹಂದಿಮರಿಗಳ ಮೇವಿಗೆ ಏನನ್ನು ಬೆರೆಸಬೇಕು?

ಹಂದಿ ಸಾಕುವ ನಮ್ಮಲ್ಲಿ ಹಲವರು, ಮರಿಗಳು ಬೇಗ ಬೆಳೆಯಲೆಂದೂ ರೋಗ ತಗಲದಿರಲೆಂದೂ ಅಂಗಡಿಯಿಂದ ಬಗೆಬಗೆಯ ಪುಡಿಗಳನ್ನು ತಂದು ಮೇವಿಗೆ ಬೆರೆಸುವುದುಂಟು. ಅವುಗಳಲ್ಲಿ ಯಾವುದು ಉಪಯುಕ್ತ, ಯಾವುದು ಅಪಾಯಕರ ಎಂಬುದನ್ನು ತಿಳಿದು ಹಣ ಹಾಕುವುದು ಲೇಸು.

ಮೊದಲನೆಯ ಪೂರಕವು ತಾಯಿಯ ಕೆಚ್ಚಲಿನಲ್ಲೇ ಇದೆ. ಹಂದಿಯ ಗರ್ಭದಲ್ಲಿ ತಾಯಿಯ ರಕ್ತದಿಂದ ಮರಿಗೆ ರೋಗನಿರೋಧಕ ವಸ್ತುಗಳು ದಾಟಿ ಬರುವುದಿಲ್ಲ. ಅವು ಗಿಣ್ಣುಹಾಲಿನಿಂದಲೇ ದೊರೆಯಬೇಕು. ಒಂದೆರಡು ದಿನ ಕಳೆಯುವುದರೊಳಗೆ ಮರಿಯ ಕರುಳು ಅವನ್ನು ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಡಕಲು ಮರಿಗಳನ್ನು ಹುಟ್ಟಿದ ಮೊದಲ ಗಂಟೆಗಳಲ್ಲೇ ಮೊಲೆಗೆ ಹಿಡಿಯತಕ್ಕದ್ದು.

ಎರಡನೆಯದು ಕಬ್ಬಿಣ. ಮರಿ ಹುಟ್ಟುವಾಗ ಅದರ ಮೈಯಲ್ಲಿರುವ ಕಬ್ಬಿಣ ಸುಮಾರು 50 ಮಿಲಿಗ್ರಾಂ. ದಿನಕ್ಕೆ ಬೇಕಾದುದು ಸುಮಾರು 7 ಮಿಲಿಗ್ರಾಂ. ತಾಯಿಯ ಹಾಲಿನಿಂದ ಸಿಗುವುದು ಹೆಚ್ಚುಕಡಿಮೆ 1 ಮಿಲಿಗ್ರಾಂ ಮಾತ್ರ. ಬಯಲಲ್ಲಿ ಮಣ್ಣು ಕೆದಕುವ ಮರಿಗೆ ಈ ಕೊರತೆ ಅಷ್ಟಾಗಿ ತೋರದು. ಸಿಮೆಂಟು ನೆಲದ ಮೇಲೆ ಬೆಳೆಯುವ ಮರಿಯಾದರೋ ಬಿಳಿಚಿಕೊಂಡು, ಏದುಸಿರು ಬಿಟ್ಟು, ಬೆಳವಣಿಗೆ ಕುಂಠಿತವಾಗುತ್ತದೆ. ಮೊದಲ ವಾರದೊಳಗೆ ಪಶುವೈದ್ಯರಿಂದ ಕಬ್ಬಿಣದ ಚುಚ್ಚುಮದ್ದು ಹಾಕಿಸುವುದೇ ಇದಕ್ಕೆ ನಂಬತಕ್ಕ ಉಪಾಯ.

ಮೂರನೆಯ ಗಂಡಾಂತರ ಹಾಲು ಬಿಡಿಸುವ ಕಾಲ. ಹಾಲು ಕುಡಿಯುವಷ್ಟು ದಿನ ಅದರ ಸಕ್ಕರೆಯೇ ಹುಳಿತು ಮರಿಯ ಜಠರವನ್ನು ಹುಳಿಯಾಗಿಡುತ್ತದೆ. ಧಾನ್ಯದ ಮೇವಿಗೆ ತಿರುಗಿದಾಗ ಈ ಹುಳಿ ತಗ್ಗಿ, ಕರುಳಿನಲ್ಲಿ ಕೆಟ್ಟ ಜೀವಾಣುಗಳು ಹೆಚ್ಚಿ ಭೇದಿ ಕಾಣಿಸುತ್ತದೆ. ಎರಡು ವಾರದ ಮರಿಗೆ ಮೊದಲೇ ಸ್ವಲ್ಪ ಸ್ವಲ್ಪ ಮೃದುವಾದ ಒಣ ಮೇವಿನ ರೂಢಿ ಮಾಡಿಸಬೇಕು. ಸಿಟ್ರಿಕ್, ಫ್ಯುಮಾರಿಕ್ ಮುಂತಾದ ಆಮ್ಲಗಳೂ ಯೀಸ್ಟ್, ಲ್ಯಾಕ್ಟೋಬ್ಯಾಸಿಲಸ್‌ನಂಥ ಹಿತಕರ ಜೀವಾಣುಗಳೂ ನೆರವಾಗಬಲ್ಲವು. ಆದರೆ ಕೊಳಕು ಕೊಟ್ಟಿಗೆಯ ದೋಷವನ್ನು ಅವು ನೀಗಲಾರವು.

ಬೆಳವಣಿಗೆಗೆಂದು ಆಂಟಿಬಯೋಟಿಕ್ ಬೆರೆಸುವುದನ್ನು ಮಾತ್ರ ಬಿಡಲೇಬೇಕು. ಹೀಗೆ ದಿನವೂ ಅಲ್ಪಸ್ವಲ್ಪ ತಿನ್ನಿಸಿದರೆ ಮದ್ದಿಗೆ ಬಗ್ಗದ ಜೀವಾಣುಗಳು ಹುಟ್ಟಿ, ಮುಂದೆ ಮನುಷ್ಯರ ಕಾಯಿಲೆಗೂ ಆ ಮದ್ದು ನಿಷ್ಫಲವಾಗುತ್ತದೆ. ಸ್ವೀಡನ್ 1986ರಲ್ಲಿಯೂ ಐರೋಪ್ಯ ಒಕ್ಕೂಟ 2006ರಲ್ಲಿಯೂ ಈ ಪದ್ಧತಿಯನ್ನು ನಿಷೇಧಿಸಿದವು. ನಮ್ಮ ದೇಶದಲ್ಲಿ 2019ರಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಸರಕಾರ ತಡೆಯಿತು.

ಇನ್ನೊಂದು ಮಾತು. 2022ರ ಜುಲೈಯಲ್ಲಿ ವಯನಾಡಿನ ಮಾನಂತವಾಡಿಯಲ್ಲಿ ಆಫ್ರಿಕನ್ ಹಂದಿಜ್ವರ ಕಂಡು, ನೂರಾರು ಹಂದಿಗಳನ್ನು ಕೊಲ್ಲಬೇಕಾಯಿತು. ಆ ರೋಗಕ್ಕೆ ಔಷಧವಿಲ್ಲ. ಶಕ್ತಿವರ್ಧಕವೆಂದು ಮಾರುವ ಯಾವ ಪುಡಿಯೂ ಅದನ್ನು ತಡೆಯದು. ಹೋಟೆಲಿನ ಉಳಿಕೆಯನ್ನು ಹಾಕುವವರು ಅದನ್ನು ತಿರುವುತ್ತ ಅರ್ಧ ಗಂಟೆಯಾದರೂ ಕುದಿಸಿಯೇ ಹಾಕಲಿ. ಹೊಸದಾಗಿ ತಂದ ಹಂದಿಗಳನ್ನು ಕೆಲವು ವಾರ ಬೇರೆ ಕಟ್ಟಲಿ. ಹಂದಿಗಳು ಒಮ್ಮೆಲೇ ಸಾಯತೊಡಗಿದರೆ ಮಾರಲು ಹೊರಡದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಲಿ.